ಕೂದಲಿಲ್ಲದ ತಲೆಗೆ ಮೆತ್ತನೆಯ ಟೋಪಿ



ಉಲ್ಲನ್ ಹೆಣಿಗೆಯನ್ನು ದೂರದರ್ಶನದ ಪರದೆಯ ಮೇಲೆ ನೋಡುವಾಗ ಕೈಗಳ ಚಲನೆ ಚೆನ್ನಾಗಿ ಕಾಣುತ್ತದೆ, ಅದರ ಹಿಂದಿರುವ ಲೆಕ್ಕ ಕಾಣುವುದಿಲ್ಲ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗಾಗಿ ಟೋಪಿ ಅಥವಾ ಶಾಲು ಹೆಣೆಯುವಾಗಲಂತೂ ಲೆಕ್ಕದ ಜೊತೆಗೆ ಸ್ವಲ್ಪ ಜೀವಶಾಸ್ತ್ರವೂ ತಿಳಿದಿರಬೇಕು. ಅಲ್ಲಿಂದಲೇ ಆರಂಭಿಸೋಣ.

ಕ್ಯಾನ್ಸರ್ ರೋಗಿಗಳ ಕೂದಲು ಏಕೆ ಉದುರುತ್ತದೆ? ಈ ಪ್ರಶ್ನೆಗೆ ಹೆಚ್ಚಿನವರು 'ಕಾಯಿಲೆಯಿಂದ' ಎಂದು ಉತ್ತರಿಸುತ್ತಾರೆ. ನಿಜವಾದ ಕಾರಣ ಔಷಧಿ. ಕ್ಯಾನ್ಸರ್ ಜೀವಕೋಶಗಳು ಬೇಗ ಬೇಗ ವಿಭಜನೆಗೊಳ್ಳುತ್ತವೆ. ಕೀಮೋಥೆರಪಿಯ ಹಲವು ಔಷಧಿಗಳು ಹೀಗೆ ವಿಭಜನೆಗೊಳ್ಳುತ್ತಿರುವ ಕೋಶಗಳನ್ನೇ ಹುಡುಕಿ ಹೊಡೆಯುತ್ತವೆ. ಆದರೆ ಅವುಗಳಿಗೆ ಮಿತ್ರ ಯಾರು, ಶತ್ರು ಯಾರು ಎಂಬ ಭೇದ ತಿಳಿಯದು. ಕೂದಲಿನ ಬುಡದ ಕೋಶಗಳು, ಬಾಯಿಯ ಒಳಪದರ, ಮೂಳೆಯೊಳಗಿನ ಮಜ್ಜೆ ಇವೆಲ್ಲ ಸಹಜವಾಗಿಯೇ ಬೇಗ ವಿಭಜನೆಗೊಳ್ಳುವ ಭಾಗಗಳು. ಆದ್ದರಿಂದ ಕೂದಲು ಉದುರುತ್ತದೆ, ಬಾಯಿ ಹುಣ್ಣಾಗುತ್ತದೆ, ಬಿಳಿ ರಕ್ತಕಣಗಳು ಇಳಿಯುತ್ತವೆ.

ನಮ್ಮ ನೆತ್ತಿಯ ಮೇಲೆ ಸುಮಾರು 1 ಲಕ್ಷ ಕೂದಲುಗಳಿವೆ. ಯಾವುದೇ ದಿನ ನೋಡಿದರೂ ಅವುಗಳಲ್ಲಿ ನೂರಕ್ಕೆ 85ರಿಂದ 90ರಷ್ಟು ಬೆಳೆಯುವ ಹಂತದಲ್ಲಿರುತ್ತವೆ. ಡಾಕ್ಸೊರುಬಿಸಿನ್, ಪ್ಯಾಕ್ಲಿಟ್ಯಾಕ್ಸೆಲ್‌ನಂತಹ ಔಷಧಿಗಳನ್ನು ಕೊಟ್ಟ ಎರಡು ಮೂರು ವಾರಗಳಲ್ಲಿ ಕೂದಲು ಗುಂಪು ಗುಂಪಾಗಿ ದಿಂಬಿನ ಮೇಲೆ, ಬಾಚಣಿಗೆಯಲ್ಲಿ, ಸ್ನಾನದ ಮನೆಯ ನೆಲದ ಮೇಲೆ ಬೀಳತೊಡಗುತ್ತದೆ. ಹುಬ್ಬು, ರೆಪ್ಪೆಗಳೂ ಹೋಗಬಹುದು. ಎಲ್ಲ ಔಷಧಿಗಳೂ ಹೀಗೆ ಮಾಡುವುದಿಲ್ಲ. ತಲೆಗೂದಲು ಪೂರ್ತಿ ಇದ್ದುಕೊಂಡೇ ಚಿಕಿತ್ಸೆ ಮುಗಿಸುವವರು ಅನೇಕರಿದ್ದಾರೆ. ವಿಕಿರಣ ಚಿಕಿತ್ಸೆಯಲ್ಲಿ ಕಿರಣ ಬಿದ್ದ ಜಾಗದ ಕೂದಲು ಮಾತ್ರ ಉದುರುತ್ತದೆ. ಕೀಮೋಥೆರಪಿ ಮುಗಿದ ಕೆಲವು ತಿಂಗಳಲ್ಲಿ ಕೂದಲು ಸಾಮಾನ್ಯವಾಗಿ ಮತ್ತೆ ಬರುತ್ತದೆ. ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಲೆಕ್ಕದಲ್ಲಿ ಹೆಗಲು ಮುಟ್ಟಲು ಎಷ್ಟು ಕಾಲ ಬೇಕೆಂದು ನೀವೇ ಗುಣಿಸಿ ನೋಡಿ.

ಆ ಅವಧಿ ಸಣ್ಣದಲ್ಲ. ನಮ್ಮ ನಾಡಿನಲ್ಲಿ ಬೋಳುತಲೆಗೆ ಅರ್ಥಗಳು ಅಂಟಿಕೊಂಡಿವೆ. 'ತಿರುಪತಿಗೆ ಹೋಗಿದ್ದಿರಾ?' ಎಂದು ಬಸ್ಸಿನಲ್ಲಿ ಪಕ್ಕದವರು ಕೇಳುತ್ತಾರೆ. ಕೇಳಿದವರಿಗೆ ಕೆಟ್ಟ ಉದ್ದೇಶವಿರುವುದಿಲ್ಲ, ಉತ್ತರಿಸಬೇಕಾದವರಿಗೆ ಮಾತ್ರ ಅದು ಭಾರ. ಹಿಂದೆ ವಿಧವೆಯರ ತಲೆ ಬೋಳಿಸುತ್ತಿದ್ದ ಕ್ರೂರ ಪದ್ಧತಿಯ ನೆನಪು ಕೆಲವು ಮನೆಗಳಲ್ಲಿ ಇನ್ನೂ ಮಾಸಿಲ್ಲ. ಜಡೆ ಹಾಕಿ ಹೂ ಮುಡಿದು ಬೆಳೆದ ಹೆಣ್ಣುಮಗಳಿಗೆ ಕನ್ನಡಿಯ ಮುಂದೆ ನಿಲ್ಲುವುದೇ ಕಷ್ಟವಾಗುತ್ತದೆ. ಕ್ಯಾನ್ಸರ್ ಅಂಟುರೋಗವಲ್ಲ ಎಂದು ಪಾಠದಲ್ಲಿ ಓದಿದವರೂ ತರಗತಿಯಲ್ಲಿ ಟೋಪಿ ಹಾಕಿಕೊಂಡ ಸಹಪಾಠಿಯಿಂದ ಒಂದು ಬೆಂಚು ದೂರ ಕೂರುವುದುಂಟು.

ಇನ್ನು ದೇಹದ ಮಾತು. ಕೂದಲು ಹೋದ ನೆತ್ತಿ ಮೃದುವಾಗಿ, ಕೆಲವೊಮ್ಮೆ ಮುಟ್ಟಿದರೆ ನೋಯುವಂತಿರುತ್ತದೆ. ಬಿಸಿಲು ಸುಡುತ್ತದೆ, ಗಾಳಿ ಕೊರೆಯುತ್ತದೆ. ದೇಹದ ಶಾಖದ ಅರ್ಧದಷ್ಟು ತಲೆಯಿಂದಲೇ ಹೋಗುತ್ತದೆ ಎಂಬ ಮಾತನ್ನು ನೀವು ಕೇಳಿರಬಹುದು. ಅದು ತಪ್ಪು. ದೇಹದ ಮೇಲ್ಮೈಯಲ್ಲಿ ತಲೆಯ ಪಾಲು ಸುಮಾರು ಹತ್ತರಲ್ಲಿ ಒಂದು, ಶಾಖದ ನಷ್ಟವೂ ಹೆಚ್ಚು ಕಡಿಮೆ ಅಷ್ಟೇ. ಆದರೂ ಕೂದಲಿನ ಹೊದಿಕೆಗೆ ಒಗ್ಗಿದ್ದ ನೆತ್ತಿಗೆ ಡಿಸೆಂಬರಿನ ರಾತ್ರಿ ಚಳಿ ಎನಿಸದೆ ಇರದು.

ಹಾಗಾದರೆ ಎಂಥ ನೂಲು ಆರಿಸಬೇಕು? ಉಣ್ಣೆ ಎಂದೊಡನೆ ನಮಗೆ ನೆನಪಾಗುವುದು ಚಳ್ಳಕೆರೆಯ ಕಡೆಯ ಕರಿ ಕಂಬಳಿ. ಕುರುಬರ ಕೈಯಲ್ಲಿ ನೇಯ್ದ ಆ ಕಂಬಳಿ ಮಳೆಗೂ ಚಳಿಗೂ ಜಗ್ಗದು, ಆದರೆ ಚುಚ್ಚುತ್ತದೆ. ದಖನಿ ಕುರಿಯ ಉಣ್ಣೆ ಒರಟು. ಸುಮಾರು 30 ಮೈಕ್ರಾನ್‌ಗಿಂತ ದಪ್ಪವಾದ ಎಳೆಯ ತುದಿ ಚರ್ಮಕ್ಕೆ ತಾಗಿದಾಗ ಬಾಗದೆ ಒತ್ತುತ್ತದೆ. ನರಗಳು ಅದನ್ನು ಚುಚ್ಚಿದಂತೆ ಗ್ರಹಿಸುತ್ತವೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಒಳ್ಳೆಯ ಮೆರಿನೊ ಉಣ್ಣೆಯ ಎಳೆ 20 ಮೈಕ್ರಾನ್ ಆಸುಪಾಸಿನದು, ತುದಿ ಬಾಗಿಬಿಡುತ್ತದೆ. ಅದು ದುಬಾರಿ. ನಮ್ಮ ಊರಿನ ಅಂಗಡಿಗಳಲ್ಲಿ 'ಉಲ್ಲನ್' ಎಂದು ಮಾರುವುದರಲ್ಲಿ ಬಹುಪಾಲು ಅಕ್ರಿಲಿಕ್. ಮಕ್ಕಳ ಬಟ್ಟೆಗೆಂದು ಬರುವ ಮೆತ್ತನೆಯ ಅಕ್ರಿಲಿಕ್ ಕೆಟ್ಟದ್ದೇನಲ್ಲ, ಒಗೆಯಲು ಸುಲಭ. ಆದರೆ ಬೆಂಕಿಯ ಬಳಿ ಅದು ಕರಗಿ ಮೈಗೆ ಅಂಟುತ್ತದೆ. ಗ್ಯಾಸ್ ಒಲೆಯ ಮುಂದೆ ನಿಲ್ಲುವವರಿಗೆ ಅಕ್ರಿಲಿಕ್ ಶಾಲು ಕೊಡುವಾಗ ಇದನ್ನು ಹೇಳಲೇಬೇಕು.

ನನ್ನನ್ನು ಕೇಳಿದರೆ ಕರ್ನಾಟಕದ ಹವೆಗೆ ಹತ್ತಿ ನೂಲಿನ ಟೋಪಿಯೇ ಮೊದಲು. ರಾಯಚೂರಿನ ಏಪ್ರಿಲ್ ತಿಂಗಳಲ್ಲಿ ಉಣ್ಣೆ ಟೋಪಿ ಯಾರಿಗೆ ಬೇಕು? ಹತ್ತಿ ಬೆವರನ್ನು ಹೀರುತ್ತದೆ. ಹುಬ್ಬು ಇಲ್ಲದವರಿಗೆ ಹಣೆಯ ಬೆವರು ನೇರವಾಗಿ ಕಣ್ಣಿಗಿಳಿಯುತ್ತದೆ ಎಂಬುದನ್ನು ಯೋಚಿಸಿ. ಟೋಪಿಯ ಅಂಚು ಹೀರುವಂತಿದ್ದರೆ ದೊಡ್ಡ ಉಪಕಾರ. ಯಾವ ನೂಲೇ ಆಗಲಿ, ಕೊಳ್ಳುವ ಮೊದಲು ಕತ್ತಿನ ಪಕ್ಕಕ್ಕೆ ಒತ್ತಿ ಐದು ನಿಮಿಷ ಹಿಡಿದು ನೋಡಿ. ಬೆರಳಿಗೆ ಮೆತ್ತಗೆ ತೋರಿದ್ದು ಕತ್ತಿಗೆ ಚುಚ್ಚಬಹುದು.

ಈಗ ಲೆಕ್ಕ. ಮೊದಲು 15 ಸೆಂಟಿಮೀಟರ್ ಚೌಕದ ಒಂದು ಮಾದರಿ ತುಂಡು ಹೆಣೆದು, ಒಗೆದು, ಒಣಗಿಸಿ, ನಡುವಿನ 10 ಸೆಂ.ಮೀ.ನಲ್ಲಿ ಎಷ್ಟು ಕುಣಿಕೆಗಳಿವೆ ಎಂದು ಎಣಿಸಿ. 4 ಮಿ.ಮೀ. ಕಡ್ಡಿಯಲ್ಲಿ ಮಧ್ಯಮ ದಪ್ಪದ ನೂಲಿಗೆ 22 ಬಂತೆನ್ನಿ. ಅಂದರೆ ಸೆಂಟಿಮೀಟರಿಗೆ 2.2. ದೊಡ್ಡವರ ತಲೆಯ ಸುತ್ತಳತೆ ಸಾಮಾನ್ಯವಾಗಿ 54ರಿಂದ 58 ಸೆಂ.ಮೀ. ಹೆಣಿಗೆ ಹಿಗ್ಗುವುದರಿಂದ ಟೋಪಿ ತಲೆಗಿಂತ ಚಿಕ್ಕದಿರಬೇಕು. 55ರ ತಲೆಗೆ 50 ಸಾಕು. 50ನ್ನು 2.2ರಿಂದ ಗುಣಿಸಿದರೆ 110 ಕುಣಿಕೆ. ಅಂಚಿಗೆ ಎರಡು ಸೀದಾ ಎರಡು ಉಲ್ಟಾ ಹೆಣಿಗೆ ಬೇಕಾದ್ದರಿಂದ ನಾಲ್ಕರಿಂದ ಭಾಗವಾಗುವ ಸಂಖ್ಯೆ ಬೇಕು: 112 ತೆಗೆದುಕೊಳ್ಳಿ. ಐದು ಸೆಂ.ಮೀ. ಅಂಚು, ಎಂಟು ಸೆಂ.ಮೀ. ಬರೀ ಸೀದಾ. ಬಳಿಕ 112ನ್ನು 14ರಂತೆ ಎಂಟು ಪಾಲು ಮಾಡಿ, ಒಂದು ಸುತ್ತು ಬಿಟ್ಟು ಒಂದು ಸುತ್ತಿನಲ್ಲಿ ಪ್ರತಿ ಪಾಲಿಗೂ ಎರಡು ಕುಣಿಕೆಗಳನ್ನು ಸೇರಿಸಿ ಒಂದಾಗಿಸಿ. ಹದಿಮೂರು ಸಲ ಹೀಗೆ ಮಾಡಿದರೆ ಎಂಟು ಕುಣಿಕೆ ಉಳಿಯುತ್ತವೆ. ನೂಲನ್ನು ಅವುಗಳ ಮೂಲಕ ಹಾಯಿಸಿ ಬಿಗಿಯಿರಿ. ಸರ್ಕ್ಯುಲರ್ ಕಡ್ಡಿಯಲ್ಲಿ ಸುತ್ತಾಗಿ ಹೆಣೆದರೆ ಹೊಲಿಗೆಯೇ ಇರುವುದಿಲ್ಲ, ಅದೇ ಒಳ್ಳೆಯದು. ದಿನದ ಬಹುಭಾಗ ಮಲಗಿರುವವರಿಗೆ ತಲೆಯ ಹಿಂದಿನ ಒಂದು ದಪ್ಪ ಹೊಲಿಗೆ ಕಲ್ಲಿನಂತೆ ಒತ್ತುತ್ತದೆ. ಗುಂಡಿ, ಮಣಿ, ನೆತ್ತಿಯ ಕುಚ್ಚು ಬೇಡ. ಕಿವಿಯೂ ಹಿಂಗತ್ತೂ ಮುಚ್ಚುವಷ್ಟು ಉದ್ದವಿರಲಿ, ಏಕೆಂದರೆ ಕೂದಲಿಲ್ಲದಿರುವುದು ಕಾಣುವುದೇ ಅಲ್ಲಿ.

ಶಾಲಿನದು ಬೇರೆ ವಿಚಾರ. ಕೀಮೋಥೆರಪಿಯ ಡ್ರಿಪ್ ಕೆಲವೊಮ್ಮೆ ಹಲವು ಗಂಟೆ ಇಳಿಯುತ್ತದೆ, ಹವಾನಿಯಂತ್ರಿತ ಕೊಠಡಿಯಲ್ಲಿ ಕದಲದೆ ಕೂತವರಿಗೆ ಚಳಿ ಹತ್ತುತ್ತದೆ. 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ರಾಜ್ಯದ ಮೂಲೆ ಮೂಲೆಗಳಿಂದ ಜನ ಬರುತ್ತಾರೆ; ರಾತ್ರಿ ಬಸ್ಸಿನಲ್ಲಿ ಬಂದವರಿಗೆ ಅದೇ ಶಾಲು ಹೊದಿಕೆಯೂ ಆಗುತ್ತದೆ. ಒಂದೂವರೆ ಮೀಟರ್ ಉದ್ದ, 60 ಸೆಂ.ಮೀ. ಅಗಲ ಸಾಕು. ಒಂದು ಕೈ ಸೂಜಿಗಾಗಿ ಹೊರಗಿರುತ್ತದೆ, ಕೆಲವರಿಗೆ ಕೊರಳೆಲುಬಿನ ಕೆಳಗೆ ಔಷಧಿಯ ಪೋರ್ಟ್ ಇರುತ್ತದೆ. ಆದ್ದರಿಂದ ತಲೆಯಿಂದ ಇಳಿಸುವ ಪೊಂಚೊಗಿಂತ ಮುಂದೆ ತೆರೆದುಕೊಳ್ಳುವ ಶಾಲು ಮೇಲು. ಜಾಳು ಜಾಳಾದ ಹೆಣಿಗೆಗೂ ಅಂಚಿನ ಗೊಂಡೆಗಳಿಗೂ ಡ್ರಿಪ್ ನಳಿಕೆ ಸಿಕ್ಕಿಕೊಳ್ಳುತ್ತದೆ. ನೋಡಲು ಚೆಂದವಿದ್ದರೂ ಅವನ್ನು ಬಿಟ್ಟುಬಿಡಿ.

ಬಿಳಿ ರಕ್ತಕಣ ಇಳಿದವರಿಗೆ ಸಣ್ಣ ಸೋಂಕೂ ಅಪಾಯ. ಹೆಣೆದದ್ದನ್ನು ಸೌಮ್ಯ ಸಾಬೂನಿನಲ್ಲಿ ಒಗೆದು, ಪೂರ್ತಿ ಒಣಗಿಸಿ, ಶುಭ್ರವಾದ ಚೀಲದಲ್ಲಿ ಮುಚ್ಚಿಡಿ. ನುಸಿಗುಳಿಗೆಯ ವಾಸನೆ, ಅತ್ತರು, ಒಗ್ಗರಣೆಯ ಹೊಗೆ ಯಾವುದೂ ತಾಗಬಾರದು. ಓಕರಿಕೆಯಲ್ಲಿರುವವರಿಗೆ ವಾಸನೆಯೇ ಶತ್ರು. ಕೆಮ್ಮು ನೆಗಡಿ ಇರುವಾಗ ಹೆಣೆಯಲು ಕೂರಬೇಡಿ, ಆಸ್ಪತ್ರೆಗಂತೂ ಹೋಗಲೇಬೇಡಿ.

ಕೊಡುವ ಮೊದಲು ಕೇಳಿ. ಪರಿಚಯದವರಾದರೆ 'ಅಕ್ಕಾ, ನಿಮಗೊಂದು ಟೋಪಿ ಹೆಣೆದುಕೊಡಲೇ? ಯಾವ ಬಣ್ಣ ಇಷ್ಟ?' ಎಂದರೆ ಸಾಕು. ಕೆಲವರಿಗೆ ಸೆರಗು ಸಾಕು, ಕೆಲವರು ವಿಗ್ ಇಷ್ಟಪಡುತ್ತಾರೆ, ಇನ್ನು ಕೆಲವರು ಬೋಳುತಲೆಯಲ್ಲೇ ಧೈರ್ಯವಾಗಿ ಓಡಾಡುತ್ತಾರೆ. ಬೇಡ ಎಂದರೆ ಒತ್ತಾಯಿಸಬೇಡಿ. ಕಾಲೇಜಿನ ಗುಂಪಾಗಿ ಹೆಣೆಯುವುದಾದರೆ ಮೊದಲು ಆಸ್ಪತ್ರೆಯ ಸಮಾಜ ಕಾರ್ಯ ವಿಭಾಗದವರನ್ನು ಕಂಡು, ಯಾವ ಅಳತೆಯವು ಎಷ್ಟು ಬೇಕೆಂದು ಕೇಳಿಕೊಳ್ಳಿ. ಮಕ್ಕಳ ವಾರ್ಡಿಗೆ ಚಿಕ್ಕ ಅಳತೆ, ಗಾಢ ಬಣ್ಣ. ಗಂಡಸರಿಗೂ ಬೇಕಾಗುತ್ತದೆ ಎಂಬುದನ್ನು ಹೆಣೆಯುವವರು ಮರೆಯುತ್ತಾರೆ. ಬೂದು, ಕಡುನೀಲಿ ಟೋಪಿಗಳು ಯಾವಾಗಲೂ ಕಡಿಮೆ ಬೀಳುತ್ತವೆ. ಪ್ರತಿ ಚೀಲದಲ್ಲೂ ಒಂದು ಚೀಟಿ ಇಡಿ. ಯಾವ ನೂಲು, ಬಿಸಿನೀರಿನಲ್ಲಿ ಒಗೆಯಬಹುದೇ, ಇಸ್ತ್ರಿ ಹಾಕಬಹುದೇ ಎಂದು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆಯಿರಿ. 'ಬೇಗ ಗುಣವಾಗಿ' ಎಂದು ಬರೆಯುವ ಬದಲು ನಿಮ್ಮ ಹೆಸರನ್ನಷ್ಟೇ ಬರೆದರೂ ನಡೆಯುತ್ತದೆ.