ಕ್ಯಾನ್ಸರ್ ಇದೆ, ಆದ್ರೂ ಈಗಲೇ ಔಷಧಿ ಬೇಡ!

1974ರ ಏಪ್ರಿಲ್ 2. ಫ್ರಾನ್ಸ್ ಅಧ್ಯಕ್ಷ ಜಾರ್ಜ್ ಪಾಂಪಿಡೂ ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು. ಕಾಯಿಲೆ ಏನು ಅಂತ ಜನರಿಗೆ ಹೇಳಿರಲೇ ಇಲ್ಲ. ಅದು ವಾಲ್ಡೆನ್‌ಸ್ಟ್ರಾಮ್ ಅನ್ನೋ ಅಪರೂಪದ ರಕ್ತದ ಕ್ಯಾನ್ಸರ್. 1944ರಲ್ಲಿ ಇದನ್ನ ವಿವರಿಸಿದ ಸ್ವೀಡನ್ ವೈದ್ಯರ ಹೆಸರೇ ಇದಕ್ಕೆ.

ಏನಾಗುತ್ತೆ ಅಂದ್ರೆ, ಮೂಳೆಮಜ್ಜೆಯಲ್ಲಿ ಸೇರಿಕೊಂಡ ಕ್ಯಾನ್ಸರ್ ಕೋಶಗಳು ಐಜಿಎಂ ಅನ್ನೋ ದೊಡ್ಡ ಗಾತ್ರದ ಪ್ರೋಟೀನನ್ನ ರಕ್ತಕ್ಕೆ ಸುರೀತಾ ಹೋಗ್ತವೆ. ವಿಪರೀತವಾದ್ರೆ ರಕ್ತವೇ ಮಂದವಾಗುತ್ತೆ. ಇಂಜಿನಿಯರಿಂಗ್‌ನಲ್ಲಿ ನಾವು ಓದಿದ ವಿಸ್ಕಾಸಿಟಿ, ಅದೇ! ಮೂಗಲ್ಲಿ ರಕ್ತ, ಕಣ್ಣು ಮಂಜು, ತಲೆನೋವು. ಆಗ ಡಯಾಲಿಸಿಸ್ ಥರದ ಯಂತ್ರ ಹಾಕಿ ಪ್ಲಾಸ್ಮಾ ಬದಲಿಸ್ತಾರೆ. ಅದು ತಾತ್ಕಾಲಿಕ, ಹಿಂದೆಯೇ ಔಷಧಿ ಶುರುವಾಗಬೇಕು.

ಲಕ್ಷಣಗಳೇ ಇಲ್ಲದವರಿಗೆ? ‘ಕೆಲವು ತಿಂಗಳು ಬಿಟ್ಟು ಬನ್ನಿ, ರಕ್ತ ಪರೀಕ್ಷೆ ಮಾಡೋಣ’ ಅಂತಾರೆ ವೈದ್ಯರು. ಮನೆಯವರಿಗೆ ಗಾಬರಿ: ಡಾಕ್ಟ್ರು ಕೈಬಿಟ್ಟರಾ? ಇಲ್ಲ ಸ್ವಾಮಿ. ಲಕ್ಷಣ ಬರೋ ಮೊದಲೇ ಔಷಧಿ ಕೊಟ್ಟರೆ ಆಯಸ್ಸು ಹೆಚ್ಚುತ್ತೆ ಅನ್ನೋದಕ್ಕೆ ಪುರಾವೆ ಇಲ್ಲ, ಅಡ್ಡಪರಿಣಾಮವಂತೂ ಇದ್ದೇ ಇದೆ. ಆದ್ರೆ ತಪಾಸಣೆ ಮಾತ್ರ ತಪ್ಪಿಸೋ ಹಾಗಿಲ್ಲ.

ಪೂರ್ತಿ ಗುಣ ಮಾಡೋ ಔಷಧಿ ಇನ್ನೂ ಬಂದಿಲ್ಲ. ಹಾಗಂತ ಇದು ಪಾಂಪಿಡೂ ಕಾಲವೂ ಅಲ್ಲ. ಹತ್ತರಲ್ಲಿ ಒಂಬತ್ತು ರೋಗಿಗಳಲ್ಲಿ ಒಂದೇ ಜೀನ್‌ನ ದೋಷ ಇದೆ ಅಂತ 2012ರಲ್ಲಿ ಗೊತ್ತಾಯ್ತು. ರಿಟುಕ್ಸಿಮ್ಯಾಬ್ ಡ್ರಿಪ್ ಇದೆ, ಇಬ್ರುಟಿನಿಬ್ ಥರದ ಮಾತ್ರೆಗಳಿವೆ. ಹತ್ತು ವರ್ಷ ದಾಟಿ ಬದುಕಿದವರು ಬೇಕಾದಷ್ಟಿದ್ದಾರೆ. ಎಷ್ಟೋ ವಯಸ್ಸಾದ ರೋಗಿಗಳು ಕೊನೆಗೆ ತೀರಿಕೊಳ್ಳೋದು ಬೇರೆ ಕಾಯಿಲೆಯಿಂದ.