ಕೂಲಿಯಿಲ್ಲದ ಕೆಲಸಗಾರ

1888ರಲ್ಲಿ ಸ್ಟೇನ್ಸ್ ನೂಲಿನ ಗಿರಣಿ ಸ್ಥಾಪಿತವಾದಂದಿನಿಂದಲೂ, 1930ರ ದಶಕದಲ್ಲಿ ನೀಲಗಿರಿಯ ಪೈಕಾರದ ವಿದ್ಯುತ್ತು ಬೆಟ್ಟವಿಳಿದು ಬಂದ ಮೇಲಂತೂ ಇನ್ನಷ್ಟು ದೃಢವಾಗಿ, ಕೊಯಮತ್ತೂರು ಸೀಮೆಯವರು ಉದ್ಯೋಗಶೀಲರೆಂಬ ಕೀರ್ತಿಗೆ ಪಾತ್ರರಾಗಿದ್ದಾರೆ. ಗಿರಣಿಯವನಿಗೆ ಪಾಳಿಯುಂಟು, ಸೋಮನೂರು, ಪಲ್ಲಡಗಳ ವಿದ್ಯುನ್ಮಗ್ಗದವನಿಗೆ ನೇಯ್ದಷ್ಟಕ್ಕೆ ಕೂಲಿಯುಂಟು, ತಿರುಪ್ಪೂರಿನ ಬನಿಯನ್ ಕಂಪನಿಯ ದರ್ಜಿಗೆ ತುಂಡಿಗಿಷ್ಟೆಂಬ ಲೆಕ್ಕವುಂಟು. ಆದರೆ ಕೊಯಮತ್ತೂರು, ತಿರುಪ್ಪೂರು ಎಂಬ ಈ ಎರಡು ಜಿಲ್ಲೆಗಳಲ್ಲಿ ಎಲ್ಲರಿಗಿಂತ ಹೆಚ್ಚಾಗಿ ದುಡಿಯುವವರು ಯಾರೆಂದು ನಿಷ್ಪಕ್ಷಪಾತವಾಗಿ ವಿಚಾರಿಸಿದರೆ, ಆ ಗೌರವವು ಗಿರಣಿಯ ಕಾರ್ಮಿಕನಿಗಾಗಲಿ ಅವನ ಯಜಮಾನನಿಗಾಗಲಿ ಸಲ್ಲದೆ, ಇಬ್ಬರ ಮನೆಯಲ್ಲಿಯೂ ಬೆಳಗ್ಗೆ ಐದು ಗಂಟೆಗೆ ಎದ್ದು, ಹಾಸಿಗೆಯಿಂದಿಳಿದು, ಮೊದಲು ಕೈಗೆ ಸಿಕ್ಕಿದ ಡಬ್ಬದ ಮುಚ್ಚಳವನ್ನು ತೆಗೆಯುವ ಒಂದೂವರೆ ವರ್ಷದ ಕೂಸಿಗೇ ಸಲ್ಲತಕ್ಕದ್ದು. ಅದಕ್ಕೆ ಕೂಲಿಯಿಲ್ಲ, ರಜೆಯಿಲ್ಲ, ಮೇಸ್ತ್ರಿಯ ಭಯವಂತೂ ಮೊದಲೇ ಇಲ್ಲ.

ಇದು ಅಜ್ಜಿಯಂದಿರ ಅತಿಶಯೋಕ್ತಿಯಲ್ಲ. ನ್ಯೂಯಾರ್ಕಿನ ಕ್ಯಾರನ್ ಅಡಾಲ್ಫ್ ಎಂಬ ವಿದುಷಿಯೂ ಆಕೆಯ ಸಹೋದ್ಯೋಗಿಗಳೂ ಒಂದು ವರ್ಷದಿಂದ ಹತ್ತೊಂಬತ್ತು ತಿಂಗಳವರೆಗಿನ ಮಕ್ಕಳನ್ನು ಅವುಗಳ ಇಚ್ಛೆಯಂತೆ ಆಡಲು ಬಿಟ್ಟು, ಹೆಜ್ಜೆಹೆಜ್ಜೆಯನ್ನೂ ಎಣಿಸಿ, 2012ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಇಂಥ ಮಗು ಗಂಟೆಗೆ ಸರಾಸರಿ 2,368 ಹೆಜ್ಜೆಗಳನ್ನಿಡುತ್ತದೆ; 17 ಸಲ ಬೀಳುತ್ತದೆ. ಗಂಟೆಗೆ ಹದಿನೇಳು ಸಲ ಬಿದ್ದೂ ಮರುದಿನ ಅದೇ ಕೆಲಸಕ್ಕೆ ಹಾಜರಾಗುವ ದೊಡ್ಡವರು ಯಾವ ಕಾರ್ಖಾನೆಯಲ್ಲಿದ್ದಾರೆ? ನಾವಾದರೋ ಬಚ್ಚಲಲ್ಲಿ ಒಮ್ಮೆ ಜಾರಿದೆವೆಂದರೆ ಆರು ತಿಂಗಳು ಅದೇ ಕಥೆಯನ್ನು ಬಂದವರಿಗೆಲ್ಲ ಹೇಳುತ್ತೇವೆ.

ಈ ದುಡಿಮೆಯನ್ನು ಸಮೀಪದಿಂದ ನೋಡಬೇಕೆನ್ನುವವರು ಕೈಮಗ್ಗದ ಮನೆಗೆ ಹೋಗಬೇಕು. ಕೊಯಮತ್ತೂರು ಸೀಮೆಯ ದೇವಾಂಗರಲ್ಲಿ ಕನ್ನಡ ಮನೆಮಾತಿನವರೂ ಉಂಟು, ತೆಲುಗು ಮನೆಮಾತಿನವರೂ ಉಂಟು. ಪೊಳ್ಳಾಚಿಯ ಬಳಿಯ ನೆಗಮಮ್ಮಿನ ಹತ್ತಿಸೀರೆಗೆ ಹೆಸರು ತಂದವರು ಈ ನೇಕಾರರೇ. ಅಲ್ಲಿ ನಾನು ನೋಡಿದ ಒಂದು ಮನೆಯಲ್ಲಿ ಅಜ್ಜಿ ರಾಟೆಯ ಮುಂದೆ ಕುಳಿತು ಕಂಡಿಕೆ ಸುತ್ತುತ್ತಿದ್ದಳು. ಮಗ ಗುಂಡಿಮಗ್ಗದಲ್ಲಿ ಕಾಲಿಳಿಬಿಟ್ಟುಕೊಂಡು ಲಾಳಿ ಆಡಿಸುತ್ತಿದ್ದ. ಇವರಿಬ್ಬರ ನಡುವೆ ಕಂಡಿಕೆಯ ಬುಟ್ಟಿ, ಬುಟ್ಟಿಯ ಪಕ್ಕದಲ್ಲಿ ಮೊಮ್ಮಗ. ಅಜ್ಜಿ ಒಂದು ಕಂಡಿಕೆ ಸುತ್ತಿ ಬುಟ್ಟಿಗೆ ಹಾಕುವಳು. ಮೊಮ್ಮಗ ಅದನ್ನೆತ್ತಿ, ಗುಂಡಿಯ ಅಂಚಿನವರೆಗೆ ತೆವಳಿ, ಕೈಯನ್ನು ನೀಟಾಗಿ ಚಾಚಿ, ಬೆರಳು ಬಿಡಿಸುವನು. ಕಂಡಿಕೆ ತಂದೆಯ ಪಾದದ ಮೇಲೆ ಬೀಳುವುದು. “ಬಿತ್ತು” ಎಂದು ಮಗು ವರದಿ ಒಪ್ಪಿಸುವುದು. “ಬೇಡ ಸಾಮಿ, ಬೇಡ ಕಣ್ಣು” ಎಂದು ಅಜ್ಜಿ ಅಂಗಲಾಚುವಳು. ತಂದೆ ಬಗ್ಗಿ ಎತ್ತಿಕೊಡುವನು. ಕೊಟ್ಟದ್ದು ಮತ್ತೆ ಬೀಳುವುದು. ಆದರೆ ಈ ಸಲ ಎಡಗೈಯಿಂದ. ಮೂರನೆಯ ಸಲ ನಿಂತುಕೊಂಡು. ನಾಲ್ಕನೆಯದು ಬಾಯಲ್ಲಿ ಒಂದಿಷ್ಟು ಹೊತ್ತು ಇದ್ದು, ಒದ್ದೆಯಾಗಿ, ಬಳಿಕ ಬೀಳುವುದು. ಅಷ್ಟರಲ್ಲಿ ಎಳೆಯ ತುದಿ ಮಗುವಿನ ಕಾಲುಬೆರಳಿಗೆ ಸುತ್ತಿಕೊಂಡು, ಬಿಡಿಸಿಕೊಳ್ಳುವ ಪ್ರಯತ್ನದಲ್ಲಿ ಬುಟ್ಟಿಯೇ ಮಗುಚಿ, ಅಜ್ಜಿಯ ಬೆಳಗಿನ ದುಡಿಮೆಯೆಲ್ಲ ನೆಲದ ಮೇಲೆ ಬಲೆಯಾಗಿ ಹರಡಿತು. ಬಲೆಯ ಮಧ್ಯದಲ್ಲಿ ಕುಳಿತವನಿಗೆ ಲವಲೇಶವೂ ಪಶ್ಚಾತ್ತಾಪವಿರಲಿಲ್ಲ.

ಇದನ್ನು ತುಂಟತನವೆಂದು ತಳ್ಳಿಬಿಡುವುದು ಸುಲಭ. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಝಾನ್ ಪಿಯಾಜೆ ಹಾಗೆ ತಳ್ಳಲಿಲ್ಲ. ತನ್ನ ಮೂವರು ಮಕ್ಕಳನ್ನೇ ಎದುರಿಗಿಟ್ಟುಕೊಂಡು, ಅವರ ಒಂದೊಂದು ಚಲನೆಯನ್ನೂ ದಿನಾಂಕಸಹಿತ ಬರೆದಿಟ್ಟು, ಶಿಶುವಿನ ಬುದ್ಧಿಯ ಉದಯವನ್ನು ಕುರಿತು 1936ರಲ್ಲಿ ಆತ ಪ್ರಕಟಿಸಿದ ಗ್ರಂಥದಲ್ಲಿ, ಹತ್ತು ತಿಂಗಳು ತುಂಬಿದ ಮಗ ಲೋರಾನ್ ಮಲಗಿದಲ್ಲಿಂದಲೇ ಸೆಲ್ಯುಲಾಯಿಡಿನ ಹಂಸವನ್ನೂ ಡಬ್ಬಿಯನ್ನೂ ಕೈಯ ಭಂಗಿಯನ್ನು ಬದಲಾಯಿಸುತ್ತ ಬದಲಾಯಿಸುತ್ತ ಬೀಳಿಸಿ ನೋಡಿದ ಪ್ರಸಂಗ ಬರುತ್ತದೆ. ವಸ್ತು ಒಂದೇ, ಬೀಳುವ ರೀತಿ ಬೇರೆ; ರೀತಿ ಬದಲಾದರೆ ಫಲವೂ ಬದಲಾಗುವುದೋ ಎಂಬುದೇ ಅಲ್ಲಿಯ ಜಿಜ್ಞಾಸೆ. ಅಂದಮೇಲೆ ನಮ್ಮ ನೆಗಮಮ್ಮಿನ ಕೂಸು ಎಡಗೈಗೆ ಬದಲಾಯಿಸಿದ್ದು ಅಜ್ಜಿಯನ್ನು ರೇಗಿಸುವುದಕ್ಕಲ್ಲ, ಪ್ರಯೋಗದ ಶಿಸ್ತಿಗಾಗಿ. ಪಿಯಾಜೆಯ ಪತ್ನಿ ವ್ಯಾಲಂಟೈನ್ ಕೂಡ ಈ ಅವಲೋಕನಗಳಲ್ಲಿ ಪಾಲುಗೊಂಡವಳೇ. ಬಿದ್ದದ್ದನ್ನೆಲ್ಲ ಎತ್ತಿಟ್ಟವರು ಯಾರೆಂಬುದನ್ನು ಮಾತ್ರ ನಾವೇ ಊಹಿಸಿಕೊಳ್ಳಬೇಕು.

ತಿರುಪ್ಪೂರಿನಲ್ಲಿ ಸಂಕಷ್ಟದ ಸ್ವರೂಪ ಬೇರೆ. 2009ರಲ್ಲಿ ಪ್ರತ್ಯೇಕ ಜಿಲ್ಲೆಯ ಮುಖ್ಯಪಟ್ಟಣವಾದ ಈ ಊರು ಯೂರೋಪು ಅಮೆರಿಕಗಳ ಕೂಸುಗಳಿಗೆ ಉಡುಪು ಹೊಲಿದು ಕಳಿಸುತ್ತದೆ. ಶಿಶುವಸ್ತ್ರವೆಂದರೆ ಕಂಪನಿಗಳಲ್ಲಿ ಪರೀಕ್ಷೆಯ ಮೇಲೆ ಪರೀಕ್ಷೆ. ಮುರಿದ ಸೂಜಿಯ ಚೂರು ಬಟ್ಟೆಯೊಳಗೆ ಉಳಿದಿದ್ದೀತೆಂದು ಪ್ರತಿಯೊಂದು ಅಂಗಿಯನ್ನೂ ಲೋಹಶೋಧಕ ಯಂತ್ರದ ಕೆಳಗೆ ಹಾಯಿಸುತ್ತಾರೆ. ಕಿತ್ತುಬಂದರೆ ಮಗು ನುಂಗೀತೆಂದು ಟಿಚ್ ಗುಂಡಿಯನ್ನು ಯಂತ್ರದ ಇಕ್ಕಳದಿಂದ ಹಿಡಿದೆಳೆದು ನೋಡುತ್ತಾರೆ. ಇಷ್ಟೆಲ್ಲ ಪರೀಕ್ಷೆಗಳಲ್ಲಿ ತೇರ್ಗಡೆಯಾದ ಅಂಗಿಯೊಂದನ್ನು, ಕಂಪನಿಯ ಮೇಲ್ವಿಚಾರಕನೊಬ್ಬ ತನ್ನ ಎರಡು ವರ್ಷದ ಮಗಳಿಗೆ ತೊಡಿಸಿದನೆನ್ನಿ. ಒಂದು ಗುಂಡಿ ಹಾಕಿ ಇನ್ನೊಂದಕ್ಕೆ ಕೈ ಹಚ್ಚುವುದರೊಳಗೆ ಮೊದಲನೆಯದು ಬಿಚ್ಚಿರುತ್ತದೆ. ಚಡ್ಡಿಯೊಳಗೆ ಒಂದು ಕಾಲು ಹೋದರೆ ಇನ್ನೊಂದು ಹೊರಗೆ ಬಂದಿರುತ್ತದೆ. ಕೊನೆಗೆ ಅಂಗಿ ತಂದೆಯ ಕೈಯಲ್ಲಿ, ಮಗಳು ದಿಗಂಬರಳಾಗಿ ಬೀದಿಬಾಗಿಲಲ್ಲಿ. ಜಗತ್ತಿನ ಮಕ್ಕಳಿಗೆಲ್ಲ ಬಟ್ಟೆ ತೊಡಿಸುವ ಪಟ್ಟಣದಲ್ಲಿ ಸ್ವಂತ ಮಗುವಿನ ಮೈಮೇಲೆ ಒಂದು ಚಡ್ಡಿ ನಿಲ್ಲಿಸುವುದು ಇಷ್ಟು ದುಸ್ತರವೆ ಎಂದು ಆತ ನಿಟ್ಟುಸಿರಿಡಬಹುದು. ಆದರೆ ಕಳಚುವುದು ತೊಡುವುದಕ್ಕಿಂತ ಸುಲಭವಾದ ವಿದ್ಯೆ, ಆದಕಾರಣ ಮಕ್ಕಳಿಗೆ ಅದು ಮೊದಲು ಕೈವಶವಾಗುತ್ತದೆ. ಕೈವಶವಾದ ವಿದ್ಯೆಯನ್ನು ದಿನಕ್ಕೆ ಹತ್ತು ಸಲವಾದರೂ ಪ್ರದರ್ಶಿಸದೆ ಬಿಡುವುದು ವಿದ್ವಾಂಸರ ಲಕ್ಷಣವೂ ಅಲ್ಲ.

ಇನ್ನು ಊಟದ ಪ್ರಕರಣ. ತಾಯಂದಿರ ಕಣ್ಣೀರಿನ ಬಹುಭಾಗ ಹರಿಯುವುದು ಈ ಪ್ರಕರಣದಲ್ಲಿಯೇ ಆದುದರಿಂದ ಸ್ವಲ್ಪ ನಿಧಾನಿಸಿ ಹೇಳುವುದು ಉಚಿತ. ಮೂರು ಕಿಲೋ ತೂಕದೊಂದಿಗೆ ಹುಟ್ಟಿದ ಮಗು ವರ್ಷ ತುಂಬುವಾಗ ಸುಮಾರು ಒಂಬತ್ತು ಕಿಲೋ ಆಗುತ್ತದೆ. ಅಂದರೆ ಮೂರು ಪಟ್ಟು. ಅದೇ ವೇಗದಲ್ಲಿ ಬೆಳೆದಿದ್ದರೆ ಎರಡನೆಯ ಹುಟ್ಟುಹಬ್ಬಕ್ಕೆ ಇಪ್ಪತ್ತೇಳು ಕಿಲೋ ಆಗಬೇಕಷ್ಟೆ! ಪ್ರಕೃತಿ ಅಷ್ಟು ಅವಿವೇಕಿಯಲ್ಲ. ಎರಡನೆಯ ವರ್ಷದಲ್ಲಿ ಮಗು ಏರುವುದು ಎರಡೋ ಎರಡೂವರೆಯೋ ಕಿಲೋ ಮಾತ್ರ. ಬೆಳವಣಿಗೆಯ ವೇಗ ತಗ್ಗಿದಂತೆ ಹಸಿವೂ ತಗ್ಗುತ್ತದೆ. ಇದನ್ನು ತಿಳಿಯದ ನಾವು, ನಿನ್ನೆಯವರೆಗೆ ಬಟ್ಟಲು ಖಾಲಿ ಮಾಡುತ್ತಿದ್ದ ಕೂಸು ಇಂದು ಎರಡು ತುತ್ತಿಗೆ ಬಾಯಿ ಬಿಗಿದುಕೊಂಡಿತೆಂದರೆ, ದೃಷ್ಟಿ ತಗುಲಿತೆಂದು ಉಪ್ಪು ಮೆಣಸಿನಕಾಯಿ ನಿವಾಳಿಸುತ್ತೇವೆ. ಹೊಸ ರುಚಿಯನ್ನು ಶಂಕಿಸುವುದೂ ಈ ವಯಸ್ಸಿನ ಧರ್ಮವೇ. ಒಂದು ಪಲ್ಯವನ್ನು ಮಗು ಒಪ್ಪಬೇಕಾದರೆ ಎಂಟು ಹತ್ತು ಸಲ, ಕೆಲವೊಮ್ಮೆ ಅದಕ್ಕೂ ಹೆಚ್ಚು, ಬಲವಂತವಿಲ್ಲದೆ ಮುಂದಿಡಬೇಕಾಗುತ್ತದೆ. ಮೂರನೆಯ ಸಲಕ್ಕೆ ಸೋತು ಫೋನಿನಲ್ಲಿ ಗೊಂಬೆಯಾಟ ಹಚ್ಚುವ ತಾಯಿಯನ್ನು ನಾನು ದೂಷಿಸಲಾರೆ. ಚಂದಮಾಮನನ್ನು ತೋರಿಸಿ ಉಣ್ಣಿಸಿದ ನಮ್ಮ ಹಿರಿಯರೂ ಮಾಡಿದ್ದು ಕಣ್ಕಟ್ಟೇ. ಚಂದಮಾಮನಿಗೆ ಚಾರ್ಜು ಮುಗಿಯುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ಬಟ್ಟಲಲ್ಲಿದ್ದದ್ದನ್ನು ನಿರಾಕರಿಸುವ ಕೂಸು ಬಟ್ಟಲಲ್ಲಿಲ್ಲದ್ದನ್ನೆಲ್ಲ ತಿನ್ನುತ್ತದೆಂಬುದನ್ನೂ ಹೇಳಬೇಕು. ಹಿಟ್ಟು ರುಬ್ಬುವ ಗ್ರೈಂಡರಿನ ತವರು ಕೊಯಮತ್ತೂರು. ಅಲ್ಲಿಯ ಗ್ರೈಂಡರಿಗೆ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆತಿದೆ. ಯಂತ್ರ ನಿಲ್ಲಿಸಿ ಗುಂಡಿನ ಕಲ್ಲೆತ್ತುವ ಕ್ಷಣಕ್ಕಾಗಿಯೇ ಅಡಿಗೆಮನೆಯ ಬಾಗಿಲಲ್ಲಿ ಹೊಂಚಿ ಕುಳಿತ ಮಗು, ಮೊಣಕೈವರೆಗೆ ಕೈಯನ್ನು ಇಡ್ಲಿಹಿಟ್ಟಿನಲ್ಲಿ ಅದ್ದಿ, ಒಂದು ಪಾಲನ್ನು ಬಾಯಿಗೂ ಎರಡು ಪಾಲನ್ನು ತಲೆಗೂ ಹಚ್ಚಿಕೊಳ್ಳುತ್ತದೆ. ಬೆಂದ ಇಡ್ಲಿಯನ್ನು ಮುಂದಿಟ್ಟರೆ ಮುಖ ತಿರುಗಿಸುತ್ತದೆ.

ಊಟದ ಮಾತು ಬಂದಾಗ ಅವಿನಾಶಿಯ ಸ್ಥಳಪುರಾಣ ನೆನಪಾಗುತ್ತದೆ. ಕನ್ನಡಿಗರು ಹರಿಹರನ ರಗಳೆಯ ಮೂಲಕ ನಂಬಿಯಣ್ಣನೆಂದು ಬಲ್ಲ ಸುಂದರಮೂರ್ತಿ ನಾಯನಾರರು ಆ ಊರಿಗೆ ಬಂದಾಗ, ಎದುರುಬದುರಿನ ಎರಡು ಮನೆಗಳಲ್ಲಿ ಒಂದರಲ್ಲಿ ಉಪನಯನದ ಮಂಗಳವಾದ್ಯವೂ ಇನ್ನೊಂದರಲ್ಲಿ ರೋದನವೂ ಕೇಳಿಸಿತಂತೆ. ವಿಚಾರಿಸಲಾಗಿ, ಕೆಲವು ವರ್ಷಗಳ ಹಿಂದೆ ಜೊತೆಯಾಗಿ ಕೆರೆಗಿಳಿದ ಇಬ್ಬರು ಬಾಲಕರಲ್ಲಿ ಒಬ್ಬನನ್ನು ಮೊಸಳೆ ನುಂಗಿತೆಂದೂ, ಉಳಿದವನ ಉಪನಯನ ಈಗ ನಡೆಯುತ್ತಿದೆಯೆಂದೂ ತಿಳಿಯಿತು. ನಾಯನಾರರು ಕೆರೆಯ ದಡದಲ್ಲಿ ನಿಂತು ಹಾಡಲು, ಮೊಸಳೆ ಬಂದು ಬಾಲಕನನ್ನು, ಕಳೆದ ವರ್ಷಗಳ ಬೆಳವಣಿಗೆಯ ಸಹಿತ, ಜೀವಂತವಾಗಿ ಉಗುಳಿತು. ಮುಂದೇನಾಯಿತೆಂದು ಹೇಳಲು ಶಾಸ್ತ್ರಪ್ರಮಾಣ ಬೇಕಾಗಿಲ್ಲ. ಆ ತಾಯಿ ಮಗನನ್ನು ತಬ್ಬಿ ಅತ್ತು ಕಣ್ಣೊರಸಿಕೊಂಡ ಮೇಲೆ ಆಡಿದ ಮೊದಲ ಮಾತು, “ಎಷ್ಟು ಸೊರಗಿಹೋಗಿದ್ದೀಯೋ” ಎಂಬುದೇ ಆಗಿರಬೇಕು.

ಹಟದ ವಿಷಯದಲ್ಲಿ ಮಾತ್ರ ನಾವು ದೊಡ್ಡವರೇ ಹೆಚ್ಚಿನ ಅಪರಾಧಿಗಳೆಂದು ನನ್ನ ತೀರ್ಮಾನ. ಕಿವಿ ಚುಚ್ಚುವ ಸಮಾರಂಭವನ್ನು ಕೊಂಗುನಾಡೆನಿಸಿದ ಈ ಸೀಮೆಯಲ್ಲಿ ನೋಡಿದವರು ಒಪ್ಪಿಯಾರು. ಕಲ್ಯಾಣಮಂಟಪದ ಬಾಗಿಲಲ್ಲಿ ಮಗುವಿನ ಆಳೆತ್ತರದ ಚಿತ್ರವಿರುವ ಫ್ಲೆಕ್ಸ್. ಒಳಗೆ ಧ್ವನಿವರ್ಧಕ, ಕ್ಯಾಮೆರಾದ ದೀಪ, ಮುನ್ನೂರು ಅಪರಿಚಿತ ಮುಖಗಳು. ಆಗ ತಾನೆ ತಲೆ ಬೋಳಿಸಿಕೊಂಡು, ಗಂಧ ಬಳಿಸಿಕೊಂಡು, ಜರಿಯ ಅಂಚು ಚುಚ್ಚುವ ಪಂಚೆಯುಟ್ಟು, ಮಧ್ಯಾಹ್ನದ ನಿದ್ದೆಯನ್ನೂ ಕಳೆದುಕೊಂಡ ಪುಣ್ಯಾತ್ಮನನ್ನು ಸೋದರಮಾವನ ತೊಡೆಯ ಮೇಲೆ ಕೂರಿಸಿ, ಎರಡೂ ಕಿವಿಗಳನ್ನು ಚುಚ್ಚಿ, ಅನಂತರ ಎಲ್ಲರೂ ಒಕ್ಕೊರಲಿನಿಂದ “ನಗು ಕಣ್ಣು, ನಗು” ಎನ್ನುತ್ತಾರೆ. ಅವನು ಸೋದರಮಾವನ ಕನ್ನಡಕವನ್ನು ಕಿತ್ತೆಸೆದರೆ ಅದು ಹಟವೆ? ಉದ್ವೇಗಕ್ಕೆ ಕಡಿವಾಣ ಹಾಕುವ ಮಿದುಳಿನ ಮುಂಭಾಗವು ಪೂರ್ಣವಾಗಿ ಪಕ್ವವಾಗುವುದು ಇಪ್ಪತ್ತು ದಾಟಿದ ಮೇಲೆಯೇ. ಎರಡು ವರ್ಷದವನಲ್ಲಿ ಸಂಯಮವನ್ನು ಅಪೇಕ್ಷಿಸುವ ಮುನ್ನೂರು ಅತಿಥಿಗಳು, ಎಲೆ ಹಾಕುವುದು ಹತ್ತು ನಿಮಿಷ ತಡವಾದುದಕ್ಕೆ ತಮ್ಮ ಸಂಯಮ ಏನಾಯಿತೆಂದು ಯೋಚಿಸಲಿ. ಅವನ ಹಟವಾದರೂ ಐದು ನಿಮಿಷದೊಳಗೆ ಮುಗಿಯುತ್ತದೆ. ಬಹುಪಾಲು ಹಟಗಳ ಆಯುಸ್ಸು ಅಷ್ಟೇ.

ಅನುಕರಣೆ ಈ ವಯಸ್ಸಿನ ಇನ್ನೊಂದು ಕಸುಬು. ವಿಜಯದಶಮಿಯಂದು ಕೊಯಮತ್ತೂರಿನ ರಾಜಬೀದಿಯ ಚೌಡೇಶ್ವರಿಯ ಉತ್ಸವದಲ್ಲಿ ದೇವಾಂಗರು ಕತ್ತಿ ಹಿಡಿದು ಆವೇಶದಿಂದ ಹೆಜ್ಜೆಹಾಕುವುದನ್ನು ತಂದೆಯ ಹೆಗಲ ಮೇಲಿಂದ ನೋಡಿದ ಕೂಸು, ದೀಪಾವಳಿಯವರೆಗೂ ದೋಸೆಯ ಮಗುಚುವ ಕೈಯನ್ನು ಹಿಡಿದು ಅದೇ ಹೆಜ್ಜೆಯಲ್ಲಿ ಮನೆಯೆಲ್ಲ ಸುತ್ತುತ್ತದೆ. ಅಷ್ಟು ದಿನವೂ ಮನೆಯಲ್ಲಿ ದೋಸೆಯಿಲ್ಲ. ಮಾತಿನಲ್ಲಿಯೂ ಹಾಗೆಯೇ: ಅಜ್ಜಿಯೊಡನೆ ಕನ್ನಡ, ಪಕ್ಕದ ಮನೆಯ ಅಕ್ಕನೊಡನೆ ತಮಿಳು, ಮಹಡಿಯ ಮೇಲೆ ಬಾಡಿಗೆಗಿರುವ ಬಿಹಾರದ ದರ್ಜಿಯೊಡನೆ ನಾಲ್ಕು ಮಾತು ಹಿಂದಿ. ಮಗು ಗೊಂದಲಗೊಂಡೀತೆಂದು ಹೆದರುವವರು ಹೆದರಬೇಕಾಗಿಲ್ಲ. ಯಾರೊಡನೆ ಯಾವುದೆಂಬುದನ್ನು ಎರಡು ವರ್ಷದ ಹೊತ್ತಿಗೆ ಅದು ನಮಗಿಂತ ಚೆನ್ನಾಗಿ ಬಲ್ಲದು.

ನಗುವ ವಿಷಯವಲ್ಲದ ಒಂದೆರಡು ಮಾತುಗಳನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಬಚ್ಚಲಿನ ಬಕೆಟ್ಟಿನಲ್ಲಿ ಗೇಣುದ್ದ ನೀರಿದ್ದರೂ ತಲೆಕೆಳಗಾಗಿ ಬಿದ್ದ ಕೂಸಿಗೆ ಅದು ಕೆರೆಯೇ. ಇಡೀ ಕಡಲೆಕಾಯಿ ಬೀಜ ನಾಲ್ಕು ವರ್ಷದೊಳಗಿನವರ ಉಸಿರುಗೊಳವೆಗೆ ಶತ್ರು. ಆಟಿಕೆಯ ಗುಂಡಿಯಂಥ ಬ್ಯಾಟರಿಯನ್ನು ನುಂಗಿದರೆ ಮನೆಮದ್ದು ಹುಡುಕದೆ ಆ ಕ್ಷಣವೇ ಆಸ್ಪತ್ರೆಗೆ ಓಡಬೇಕು.

ನಿದ್ದೆಯ ಪ್ರಕರಣವನ್ನು ಸಂಕ್ಷೇಪಿಸಬಹುದು. ಒಂದರಿಂದ ಎರಡು ವರ್ಷದವರಿಗೆ ಹಗಲಿನದೂ ಸೇರಿ ದಿನಕ್ಕೆ 11ರಿಂದ 14 ಗಂಟೆಗಳ ನಿದ್ದೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ಆ ಗಂಟೆಗಳು ಯಾವುವೆಂದು ನಿರ್ಧರಿಸುವ ಅಧಿಕಾರ ಮಗುವಿನದೇ. ಸೋಮನೂರಿನ ವಿದ್ಯುನ್ಮಗ್ಗದ ಪಕ್ಕದಲ್ಲಿ ಸೀರೆಯ ತೊಟ್ಟಿಲು ಕಟ್ಟಿ ಮಲಗಿಸಿದ ಕೂಸು ಆ ಕಿವಿಗಡಚಿಕ್ಕುವ ಸದ್ದಿನಲ್ಲಿ ನಿಶ್ಚಿಂತೆಯಿಂದ ನಿದ್ರಿಸಿ, ಕರೆಂಟು ಹೋಗಿ ಮಗ್ಗ ನಿಂತೊಡನೆ ಎದ್ದು ಅಳುತ್ತದೆ.

ಕಡೆಯದಾಗಿ, ಸುಸಂಸ್ಕೃತ ಪ್ರಬಂಧಗಳಲ್ಲಿ ಪ್ರಸ್ತಾಪಿಸದಿದ್ದರೂ ಸುಸಂಸ್ಕೃತ ಮನೆಗಳಲ್ಲಿ ದಿನಂಪ್ರತಿ ಪ್ರಸ್ತಾಪವಾಗುವ ವಿಷಯ. ಮೂತ್ರಾಶಯದ ಮೇಲೆ ಹಿಡಿತ ಬರುವುದು ಸಾಮಾನ್ಯವಾಗಿ ಎರಡು ಮೂರು ವರ್ಷಗಳ ನಡುವೆ; ಅದಕ್ಕೆ ಮುಂಚೆ ಬರುವುದು ಸಂಗತಿಯನ್ನು ಘೋಷಿಸುವ ಶಕ್ತಿ ಮಾತ್ರ, ಮತ್ತು ಆ ಘೋಷಣೆ ಕಾರ್ಯ ಮುಗಿದ ಮೇಲೆಯೇ ಆಗುತ್ತದೆ. ಇದಕ್ಕೆ ತಿರುಪ್ಪೂರಿನಷ್ಟು ಸಮರ್ಪಕವಾದ ಪರಿಹಾರ ಹೊಂದಿದ ಊರು ಇನ್ನೊಂದಿರಲಾರದು. ಕಂಪನಿಗಳಲ್ಲಿ ಕತ್ತರಿಸಿ ಉಳಿದ ಮೆತ್ತನೆಯ ಹತ್ತಿಯ ಚೂರುಗಳು ಬನಿಯನ್ ವೇಸ್ಟ್ ಎಂಬ ಹೆಸರಿನಲ್ಲಿ ಅಲ್ಲಿ ಕಿಲೋ ಲೆಕ್ಕದಲ್ಲಿ ಮಾರಾಟವಾಗುತ್ತವೆ. ಮೋಟಾರಿನ ಎಣ್ಣೆ ಒರಸುವವರು ಕೊಳ್ಳುವಂತೆಯೇ ಕೂಸುಳ್ಳವರೂ ಕೊಳ್ಳುತ್ತಾರೆ. ಮೊದಲ ಮಗುವಿನ ತಂದೆ ಅರ್ಧ ಕಿಲೋ ಸಾಕೆನ್ನುತ್ತಾನೆ. ಅಂಗಡಿಯವನು ಮಗುವಿಗೆ ಎಷ್ಟು ವರ್ಷವೆಂದು ಕೇಳಿ, ಉತ್ತರಕ್ಕೂ ಕಾಯದೆ, ಎರಡು ಕಿಲೋ ತೂಗುತ್ತಾನೆ.