ಆಮೇಲೇನಾಯ್ತು, ಅಜ್ಜಿ?

ರಾತ್ರಿ ಜಪಸರ, ಊಟ ಮುಗಿದ ಮೇಲೆ ಒಂದು ಕಾಲದಲ್ಲಿ ನಮ್ಮ ಮನೆಗಳಲ್ಲಿ ಕೇಳಿಬರುತ್ತಿದ್ದ ಪ್ರಶ್ನೆ ಇದು. ಗಡಿನಾಡಿನ ನಮ್ಮ ಎಷ್ಟೋ ಮಕ್ಕಳಿಗೆ ಇಂದು ಶಾಲೆಯಲ್ಲಿ ಕನ್ನಡವಿಲ್ಲ. ಮನೆಯ ಕಥೆಯೇ ಅವರ ಕನ್ನಡ ಪಾಠ. ಆದರೆ "ನನಗೆ ಕಥೆ ಹೇಳಲು ಬರುವುದಿಲ್ಲ" ಎಂದು ತಂದೆತಾಯಂದಿರು ಹಿಂಜರಿಯುತ್ತಾರೆ. ಕಥೆಯ ಕಟ್ಟಡ ಹೇಗಿರುತ್ತದೆಂದು ತಿಳಿದರೆ ಈ ಹಿಂಜರಿಕೆ ಅರ್ಧ ಕಡಿಮೆಯಾಗುತ್ತದೆ.

ಕ್ರಿಸ್ತಪೂರ್ವ 4ನೇ ಶತಮಾನದ ಗ್ರೀಕ್ ಚಿಂತಕ ಅರಿಸ್ಟಾಟಲ್, ನಾಟಕದ ಕಥೆಗೆ ಆದಿ, ಮಧ್ಯ, ಅಂತ್ಯ ಇರಬೇಕೆಂದನು. ಒಂದು ಘಟನೆಯ ನಂತರ ಇನ್ನೊಂದು ಬಂದರೆ ಸಾಲದು, ಒಂದರಿಂದ ಇನ್ನೊಂದು ಹುಟ್ಟಬೇಕು. ನಮ್ಮ ಭರತನ 'ನಾಟ್ಯಶಾಸ್ತ್ರ' ಇದನ್ನೇ ಬೀಜಕ್ಕೆ ಹೋಲಿಸಿ, ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣ ಎಂಬ 5 ಸಂಧಿಗಳನ್ನು ಹೇಳುತ್ತದೆ. ಆರಂಭದಲ್ಲಿ ಬಿತ್ತಿದ್ದೇ ಕೊನೆಯಲ್ಲಿ ಫಲವಾಗಬೇಕು.

ಪುಣ್ಯಕೋಟಿಯ ಕಥೆಯನ್ನೇ ನೋಡಿ. ಹಸಿದ ಹುಲಿ ಹಸುವನ್ನು ತಡೆಯುತ್ತದೆ: ಇದು ಆರಂಭ. ಕರುವಿಗೆ ಹಾಲುಣಿಸಿ ಮರಳಿ ಬರುವೆನೆಂದು ಹಸು ಮಾತು ಕೊಡುತ್ತದೆ: ಇದು ಬೀಜ. ದೊಡ್ಡಿಯಲ್ಲಿ ಕರು ಅಳುತ್ತದೆ. ಇಲ್ಲಿಯೇ ಉಳಿದುಬಿಡಲೇ, ಮಾತು ಉಳಿಸಿಕೊಳ್ಳಲೇ? ಇದು ಮಧ್ಯ. ಹಸು ಹಿಂದಿರುಗಿದಾಗ ಬದಲಾಗುವುದು ಹುಲಿಯ ಮನಸ್ಸು. ಕೊಟ್ಟ ಮಾತನ್ನು ತೆಗೆದುಬಿಟ್ಟರೆ ಉಳಿಯುವುದು ಹುಲಿ, ಹಸು ಮಾತ್ರ; ಕಥೆ ಉಳಿಯುವುದಿಲ್ಲ.

ಆದರೆ ಎಲ್ಲಾ ಕಥೆಗಳೂ ಹೀಗೆ ಪೂರ್ತಿಯಾಗಿ ಮುಗಿಯುತ್ತವೆಯೇ?

ಸಂತ ಲೂಕನ ಶುಭಸಂದೇಶದ 15ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳಿದ 3 ಸಾಮತಿಗಳಿವೆ. ಕಳೆದುಹೋದ ಕುರಿ ಸಿಗುತ್ತದೆ, ಸಂತೋಷ. ಕಳೆದುಹೋದ ನಾಣ್ಯ ಸಿಗುತ್ತದೆ, ಸಂತೋಷ. ಮೂರನೆಯದರಲ್ಲಿ ಆಸ್ತಿ ಪಾಲು ಕೇಳಿ ಹೋದ ಕಿರಿಯ ಮಗ ಎಲ್ಲವನ್ನೂ ಹಾಳುಮಾಡಿ, ಹಂದಿ ಕಾಯುವಲ್ಲಿ ಬುದ್ಧಿ ತಂದುಕೊಂಡು ಹಿಂದಿರುಗುತ್ತಾನೆ. ತಂದೆ ಓಡಿಬಂದು ಅಪ್ಪಿಕೊಳ್ಳುತ್ತಾನೆ. ಇಲ್ಲಿಗೆ ಮುಗಿಯಬಹುದಿತ್ತು. ಆದರೆ ಹೊಲದಿಂದ ಬಂದ ಹಿರಿಯ ಮಗ ಸಿಟ್ಟಿನಿಂದ ಹೊರಗೇ ನಿಲ್ಲುತ್ತಾನೆ. ತಂದೆ ಹೊರಬಂದು ಅವನನ್ನೂ ಬೇಡಿಕೊಳ್ಳುತ್ತಾನೆ. ಅವನು ಒಳಗೆ ಹೋದನೇ? ಕಥೆ ಹೇಳುವುದಿಲ್ಲ!

ಇದು ಮರೆವಲ್ಲ. ಪಾಪಿಗಳ ಜೊತೆ ಊಟ ಮಾಡುತ್ತಾನೆಂದು ಗೊಣಗುತ್ತಿದ್ದವರು ಅಲ್ಲೇ ಕೇಳುತ್ತಾ ನಿಂತಿದ್ದರು. ಆ ಹಿರಿಯ ಮಗ ಅವರೇ. ಆದ್ದರಿಂದ ಕೊನೆಯನ್ನು ಬರೆಯುವ ಕೆಲಸ ಅವರ ಪಾಲಿಗೇ ಉಳಿಯಿತು.

ನಮ್ಮಲ್ಲೂ ಪಾಲಿನ ವಿಷಯಕ್ಕೆ ಮಾತು ಬಿಟ್ಟ ಅಣ್ಣತಮ್ಮಂದಿರಿಲ್ಲವೇ? ತಾಯಿಯ ವರ್ಷಾಂತಿಕಕ್ಕೂ ಒಂದೇ ಪಂಕ್ತಿಯಲ್ಲಿ ಕುಳಿತುಕೊಳ್ಳದವರಿಲ್ಲವೇ? ಅಂಥ ಮನೆಯಲ್ಲಿ ಈ ಕಥೆ ಇನ್ನೂ ಅಂಗಳದಲ್ಲೇ ನಿಂತಿದೆ.

ಇಂದು ರಾತ್ರಿ ಟಿ.ವಿ. ಆರಿಸಿ, ಮಕ್ಕಳಿಗೆ ಈ ಸಾಮತಿ ಹೇಳಿ. ನೀತಿಪಾಠ ಸೇರಿಸಬೇಡಿ. ತಂದೆ ಅಂಗಳಕ್ಕೆ ಬಂದಲ್ಲಿಗೆ ನಿಲ್ಲಿಸಿ. "ಆಮೇಲೇನಾಯ್ತು?" ಎಂದು ಅವರು ಖಂಡಿತ ಕೇಳುತ್ತಾರೆ.

"ನೀನೇ ಹೇಳು ಮಗು" ಎನ್ನಿ. ಅದು ಕೊಡುವ ಉತ್ತರವನ್ನು ನಾವು ದೊಡ್ಡವರೂ ಸ್ವಲ್ಪ ಕಿವಿಗೊಟ್ಟು ಕೇಳೋಣ.